ಲೈನಿಗೊಂದು ಹೆಸರು

ದುಡ್ಡು ಹಾಕೋರು ಬರ್ತಾರಂತೆ ಅನ್ನೋ ಸುದ್ದಿ ಚೀಲದ ಕಾರ್ಖಾನೆಗೆ ಬಂದ ದಿನ ಎಲ್ಲರಿಗಿಂತ ಜಾಸ್ತಿ ಕುಣಿದಾಡಿದವಳು ಗಂಟೆಯಕ್ಕ. ಅದನ್ನ ನೆನೆಸಿಕೊಂಡರೆ ಅವಳಿಗೆ ಈಗಲೂ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತೆ.

ಗಂಟೆ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ಅಷ್ಟೂ ಮಷೀನು ಒಟ್ಟಿಗೆ ಗಡಗಡ ಅಂತಿರುವಾಗಲೂ ಕೊನೆಯ ಮೂಲೆಗೆ ಕೇಳುವಂಥ ಗಂಟಲು ಅವಳದು. ಮೂರನೇ ಲೈನಿನ ಸೂಪರ್‌ವೈಸರ್. ಲೈನು ಅಂದರೆ ಹೊಲಿಗೆ ಮಷೀನುಗಳ ಒಂದು ಉದ್ದ ಸಾಲು. ಈ ತುದಿಯಿಂದ ಹೊರಟ ಬಟ್ಟೆಗೆ ಒಬ್ಬಳು ಜೇಬು ಹಚ್ಚುತ್ತಾಳೆ, ಒಬ್ಬಳು ಜಿಪ್ಪು ಕೂರಿಸುತ್ತಾಳೆ, ಒಬ್ಬಳು ಒಳಗಿನ ಅಸ್ತರು ಕೊಡುತ್ತಾಳೆ, ಆ ತುದಿಗೆ ಹೋಗುವಷ್ಟರಲ್ಲಿ ಅದು ಶಾಲೆ ಮಕ್ಕಳ ಚೀಲ. ಇದರಲ್ಲಿ ಎಲ್ಲಕ್ಕಿಂತ ತಡ ಹಿಡಿಯೋದು ಹೆಗಲ ಪಟ್ಟಿ. ಒಳಗೆ ಸ್ಪಂಜು ತುಂಬಿದ ದಪ್ಪ ಪಟ್ಟಿ, ಅದರ ಮೇಲೆ ಎರಡೆರಡು ಸಲ ಹೊಲಿಗೆ ಓಡಬೇಕು. ಅವಸರ ಮಾಡಿದರೆ ಸೂಜಿ ಮುರಿಯುತ್ತೆ, ಇಲ್ಲಾ ಒಂದು ವಾರಕ್ಕೇ ಯಾವುದೋ ಮಗುವಿನ ಹೆಗಲ ಮೇಲೆ ಪಟ್ಟಿ ಕಿತ್ತು ಬರುತ್ತೆ.

ಮೂರನೇ ಲೈನಿನಲ್ಲಿ ಪಟ್ಟಿ ಹೊಲಿಯೋರು ಇಬ್ಬರು. ಒಬ್ಬಳು ಉದ್ದಕ್ಕ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಮಾತು ಮಾತ್ರ ಗಿಡ್ಡ. ಗಂಡ ಹಾಸಿಗೆ ಹಿಡಿದವನು, ಮನೆ ನಡೆಯೋದು ಅವಳ ಕೈಯಿಂದಲೇ. ಇನ್ನೊಬ್ಬರು ಗಂಟೆಯಕ್ಕನ ಅತ್ತೆ, ಗಂಡನನ್ನ ಹೆತ್ತವರು. ಕಾರ್ಖಾನೆ ಬರೀ ತಗಡಿನ ಶೆಡ್ಡಾಗಿದ್ದ ಕಾಲದಿಂದ ಇರೋರು. ಸೊಸೆಯನ್ನ ಇಲ್ಲಿಗೆ ಸೇರಿಸಿದ್ದೂ ಅವರೇ, ಸೂಜಿಗೆ ದಾರ ಪೋಣಿಸೋದು ಕಲಿಸಿದ್ದೂ ಅವರೇ. ಮಗ ಲಾರಿ ಹೊಡೆಯೋನು, ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆ ಮೇಲೇ ಇರ್ತಾನೆ. "ಮಗನ ಕೈ ನೋಡ್ಕೊಂಡು ಬದುಕೋ ಜಾತಿ ಅಲ್ಲ ನಾನು" ಅನ್ನೋದು ಅತ್ತೆಯ ದಿನದ ಮಂತ್ರ. ಸೊಸೆ ಸೂಪರ್‌ವೈಸರ್ ಆದಾಗ ಎಲ್ಲರೂ ಕೆಣಕಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು: "ಮನೇಲಿ ನಾನು ಬೈತೀನಿ, ಇಲ್ಲಿ ಅವಳು ಬೈತಾಳೆ, ಲೆಕ್ಕ ಚುಕ್ತಾ."

ಆ ದಿನ ಯಜಮಾನ ಎಲ್ಲರನ್ನೂ ಊಟದ ಕೋಣೆಯಲ್ಲಿ ಸೇರಿಸಿದ. ಅವನಿಗೆ ಬಹುವಚನ ಹಚ್ಚೋಕೆ ಗಂಟೆಯಕ್ಕನ ನಾಲಗೆ ಈಗ ಏಳೋದಿಲ್ಲ, ಆವತ್ತು ಮಾತ್ರ ದೇವರನ್ನ ನೋಡಿದ ಹಾಗೆ ನೋಡುತ್ತ ನಿಂತಿದ್ದಳು. "ಇಂಥ ದೇಶದಲ್ಲಿ ದುಡ್ಡು ಹಾಕೋಕೆ ಜನ ಹೆದರ್ತಾರಮ್ಮಾ" ಅಂದ ಯಜಮಾನ. "ಕರೆಂಟು ಇರುತ್ತೋ ಇಲ್ಲವೋ, ಕಾನೂನು ನಾಳೆ ಹೇಗೋ, ಜನ ಕೆಲಸ ಮಾಡ್ತಾರೋ ಇಲ್ಲವೋ ಅಂತ. ಕರೆಂಟು, ಕಾನೂನು ನನ್ನ ಕೈಯಲ್ಲಿಲ್ಲ. ಜನ ನನ್ನ ಕೈಯಲ್ಲಿದ್ದಾರೆ. ದುಡ್ಡು ಹಾಕೋರು ಕಾಗದ ನೋಡಲ್ಲ, ನಿಮ್ಮ ಕೈ ನೋಡ್ತಾರೆ. ಅವರಿಗೆ ಮೆಚ್ಚುಗೆ ಆದ್ರೆ ಈ ಸೋರೋ ಚಾವಣಿ ಹೋಗುತ್ತೆ, ಹೊಸ ಮಷೀನು ಬರುತ್ತೆ, ದಿನಗೂಲಿಯೋರೆಲ್ಲ ಕಾಯಂ ಆಗ್ತೀರಿ."

ಮೂಗಿಗೆ ತುಪ್ಪ ಸವರೋದು ಅಂದರೆ ಇದೇ. ಗೊತ್ತಾಗೋದು ಮಾತ್ರ ಆಮೇಲೆ.

ಅಲ್ಲಿಗೆ ಗಂಟೆಯಕ್ಕನ ತಲೆ ಓಡಿತು. ಓಡಬಾರದಿತ್ತು, ಆದರೂ ಓಡಿತು. ಲೈನು ತಡವಾಗೋದು ಪಟ್ಟಿಯ ಹತ್ತಿರ ತಾನೇ? ಹಾಗಾದರೆ ಪಟ್ಟಿಗಳನ್ನ ಮೊದಲೇ ಹೊಲಿದಿಟ್ಟುಬಿಟ್ಟರೆ? ಮ್ಯಾನೇಜರ್‌ಗೆ ಹೇಳಿದಳು. ಅವನು ಹಲ್ಲು ಕಿರಿದು, ಹೆಚ್ಚಿನ ದಾರ, ಸ್ಪಂಜು ಎಲ್ಲ ತಾನೇ ಮುಂದೆ ನಿಂತು ಕೊಡಿಸಿದ. ಎರಡು ಸಂಜೆ ಇಡೀ ಲೈನು ಮನೆಗೆ ಹೋಗದೆ ಪಟ್ಟಿ ಹೊಲಿಯಿತು. ಯಾರೂ ಗೊಣಗಲಿಲ್ಲ. ನಮ್ಮ ಕಾರ್ಖಾನೆ, ನಮ್ಮ ಚಾವಣಿ ಅನ್ನೋ ಹುಮ್ಮಸ್ಸು. ಹೊಲಿದ ಪಟ್ಟಿಗಳನ್ನೆಲ್ಲ ಅತ್ತೆಯ ಮತ್ತು ಉದ್ದಕ್ಕನ ಮೇಜಿನ ಕೆಳಗೆ ಗೋಣಿಯಲ್ಲಿ ತುಂಬಿ, ಮೇಲೆ ಬಟ್ಟೆ ಮುಚ್ಚಿದರು.

ದುಡ್ಡು ಹಾಕೋರ ಪೈಕಿ ಮುಂದೆ ಬಂದವಳು ಒಬ್ಬ ಹೆಂಗಸು. ಕೂದಲು ಕತ್ತರಿಸಿಕೊಂಡಿದ್ದಳು, ಕಾಲಲ್ಲಿ ಸದ್ದಿಲ್ಲದ ಬೂಟು. ಮೂರನೇ ಲೈನಿನ ಮುಂದೆ ನಿಂತು ಫೋನು ನೋಡುತ್ತ, ಚೀಲ ನೋಡುತ್ತ, ಮತ್ತೆ ಫೋನು ನೋಡುತ್ತ ಇದ್ದಳು. ಅತ್ತೆ ಮೇಜಿನ ಕೆಳಗಿಂದ ಪಟ್ಟಿ ಎಳೆಯೋದು, ಶಾಸ್ತ್ರಕ್ಕೆ ಒಂದು ಹೊಲಿಗೆ ಓಡಿಸೋದು, ಮುಂದೆ ತಳ್ಳೋದು. ಆ ತುದಿಯಲ್ಲಿ ಚೀಲಗಳು ಬಾಣಲೆಯ ಕಾಳು ಸಿಡಿದ ಹಾಗೆ ಬಿದ್ದವು. ಹೆಂಗಸು ಚಪ್ಪಾಳೆ ತಟ್ಟಿದಳು. ಯಜಮಾನ ಗಂಟೆಯಕ್ಕನ ಬೆನ್ನು ತಟ್ಟಿದ. ಲೈನಿಗೆ ಲೈನೇ ನಕ್ಕಿತು.

ಸಂಜೆ ಮನೆಗೆ ಹೋಗೋ ದಾರಿಯಲ್ಲಿ ಅತ್ತೆ ಮಾತ್ರ ಕೇಳಿದರು: "ಅಲ್ವೇ, ನೆಂಟರಿಗೆ ಬಡಿಸಿದ ಊಟಾನ ದಿನಾ ಬಡಿಸು ಅಂತ ಕೂತ್ರೆ ಏನ್ ಮಾಡ್ತೀಯಾ?"

"ಅಯ್ಯೋ ಅತ್ತೆ, ನಿಮಗೆ ಹಾಲಲ್ಲೂ ಹುಳ ಕಾಣ್ಸುತ್ತೆ" ಅಂದಳು ಗಂಟೆಯಕ್ಕ.

ದುಡ್ಡು ಬಂತು. ಚಾವಣಿ ಬರಲಿಲ್ಲ. ಮೊದಲು ಬಂದದ್ದು ಒಂದೊಂದು ಲೈನಿನ ತಲೆ ಮೇಲೆ ಒಂದೊಂದು ಬೋರ್ಡು. ಟೀವಿಯಷ್ಟು ಅಗಲ. ಒಬ್ಬೊಬ್ಬರ ಮಷೀನಿಗೂ ಒಂದು ತಂತಿ, ಯಾರು ಎಷ್ಟು ಹೊಲಿದರು ಅಂತ ಆ ಬೋರ್ಡಿಗೆ ಹೋಗುತ್ತೆ. ಗುರಿ ಮುಟ್ಟಿದವರ ಹೆಸರು ಹಸಿರು, ಮುಟ್ಟದವರದು ಕೆಂಪು. ಮಳೆ ಬಂದಾಗ ಚಾವಣಿಯಿಂದ ನೀರು ತೊಟ್ಟಿಕ್ಕಿ ಮಷೀನುಗಳಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದರಲ್ಲ, ಈಗ ಮೊದಲು ಓಡಿ ಬೋರ್ಡಿಗೆ ಹೊದಿಸಬೇಕು. ಆಮೇಲೆ ಮಷೀನು, ಆಮೇಲೆ ಮನುಷ್ಯರು.

ಇನ್ನು ಗುರಿ ಎಷ್ಟು ಅಂತೀರಾ? ಆವತ್ತು ಆ ಹೆಂಗಸಿನ ಮುಂದೆ ಮೂರನೇ ಲೈನು ಹೊಲಿದು ತೋರಿಸಿತಲ್ಲ, ಅದೇ! ಬರೀ ಮೂರನೇ ಲೈನಿಗಲ್ಲ, ಇಡೀ ಕಾರ್ಖಾನೆಗೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಅಂತಾರಲ್ಲ, ಇಲ್ಲಿ ಹಗ್ಗವನ್ನೂ ತಾವೇ ಹೊಸೆದು ಕೊಟ್ಟಿದ್ದರು. ಬೇರೆ ಲೈನಿನವರು ಗಂಟೆಯಕ್ಕನನ್ನ ನೋಡಿದರೆ ಮುಖ ತಿರುಗಿಸತೊಡಗಿದರು. "ಇವಳೊಬ್ಬಳು ಮೆರೆದು ನಮ್ಮೆಲ್ಲರ ಬಾಯಿಗೆ ಮಣ್ಣು ಹಾಕಿದಳು" ಅಂತ ಕೇಳಿಸುವ ಹಾಗೇ ಅಂದರು. ಸುಳ್ಳಾ ಅದು?

ಮೇಜಿನ ಕೆಳಗೆ ಈಗ ಗೋಣಿ ಇಲ್ಲ. ಪಟ್ಟಿಗಳನ್ನ ಹೊಲಿದೇ ಕೊಡಬೇಕು. ಜಿಪ್ಪಿನವಳು ಬೇಗ ಮುಗಿಸಿ ಕೈಕಟ್ಟಿ ಕೂತರೆ ಅತ್ತೆ ಮತ್ತು ಉದ್ದಕ್ಕನ ಮುಂದೆ ಚೀಲಗಳ ರಾಶಿ. ಅವರಿಬ್ಬರೂ ನೀರು ಕುಡಿಯೋದು ಬಿಟ್ಟರು, ಕುಡಿದರೆ ಎದ್ದು ಹೋಗಬೇಕಾಗುತ್ತಲ್ಲ ಅಂತ. ಆದರೂ ಇಬ್ಬರ ಹೆಸರೂ ಬೆಳಿಗ್ಗೆಯಿಂದ ಸಂಜೆವರೆಗೆ ಕೆಂಪು. ಎಲ್ಲರಿಗಿಂತ ಕೆಳಗೆ ಅತ್ತೆ. ಉದ್ದಕ್ಕ ಅವರಿಗಿಂತ ಒಂದೇ ಒಂದು ಮೆಟ್ಟಿಲು ಮೇಲೆ.

ಒಂದು ದಿನ ಮ್ಯಾನೇಜರ್ ಸೂಪರ್‌ವೈಸರ್‌ಗಳನ್ನೆಲ್ಲ ಕರೆದ. "ಲೈನಿಗೊಂದು ಹೆಸರು ಕೊಡಿ" ಅಂದ, ಟೀಗೆ ಸಕ್ಕರೆ ಎಷ್ಟು ಅಂತ ಕೇಳೋ ಹಾಗೆ. "ಕೆಲಸದಲ್ಲಿ ಹಿಂದೆ ಬಿದ್ದೋರದು, ತೆಗೆದುಹಾಕೋಕೆ. ಮುಂದಿನ ವಾರ ದುಡ್ಡು ಹಾಕಿದೋರು ಮತ್ತೆ ಬರ್ತಾರೆ, ಎರಡನೇ ಕಂತಿನ ದುಡ್ಡಿನ ಮಾತಾಡೋಕೆ. ಅಷ್ಟರಲ್ಲಿ ಲೈನು ಚೊಕ್ಕಟ ಆಗಿರಬೇಕು."

ಗಂಟೆಯಕ್ಕ ಮನೆಗೆ ಬಂದು ಚೊಂಬು ಕುಕ್ಕಿದಳು, ತಟ್ಟೆ ಕುಕ್ಕಿದಳು, ಕೊನೆಗೆ ತಾನೇ ಗೋಡೆಗೆ ಒರಗಿ ಕುಕ್ಕರಿಸಿದಳು. ಅತ್ತೆ ಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ವಿಷಯ ಆಗಲೇ ಕಿವಿಗೆ ಬಿದ್ದಿತ್ತು.

"ಅತ್ತೇನ ಮನೆಯಿಂದ ಹೊರಗೆ ಹಾಕೋ ಸೊಸೇರನ್ನ ಕೇಳಿದ್ದೆ ಕಣೇ" ಅಂದರು. "ಕೆಲಸದಿಂದ ಹೊರಗೆ ಹಾಕೋ ಭಾಗ್ಯ ನಿನಗೇ ಬಂತು ನೋಡು."

"ತಮಾಷೆ ಮಾಡ್ಬೇಡಿ ಅತ್ತೆ, ನನ್ನ ಹೊಟ್ಟೆ ಉರೀತಿದೆ."

"ನನಗೇನು ತಣ್ಣಗಿದೆಯಾ?" ಅತ್ತೆಯ ಗಂಟಲು ಏರಿತು. "ತಗಡಿನ ಶೆಡ್ಡಿನಲ್ಲಿ ಬೆವರು ಸುರಿಸಿದೋಳು ನಾನು. ನನ್ನ ಹೆಸರು ದಿನಾ ಕೆಂಪಗೆ ನೇತಾಡುತ್ತೆ, ಕಳ್ಳರ ಫೋಟೋ ಹಾಕಿದ ಹಾಗೆ. ಆದರೂ ನಾನು ಹೋಗಲ್ಲ. ನೀನು ನನ್ನ ಹೆಸರು ಕೊಡಲೂ ಕೂಡದು, ಉದ್ದಿ ಹೆಸರು ಕೊಡಲೂ ಕೂಡದು."

"ಮತ್ತೆ ಯಾರದು ಕೊಡ್ಲಿ?"

"ಅದನ್ನ ಕೇಳಿದೋನ ಹತ್ರ ಹೋಗಿ ಕೇಳು."

ಹೋದಳು. ಮರುದಿನ ಯಜಮಾನನ ಕೋಣೆಗೆ, ಬಾಗಿಲು ತಟ್ಟದೆ. ಮ್ಯಾನೇಜರ್ ಕೂಡ ಅಲ್ಲೇ ಇದ್ದ. ಅವತ್ತಿನದು ನಾಟಕ, ಪಟ್ಟಿಗಳೆಲ್ಲ ಮೊದಲೇ ಹೊಲಿದದ್ದು, ಅದನ್ನ ನಂಬಿ ಗುರಿ ಇಟ್ಟರೆ ಯಾವ ತಾಯಿ ಹೆತ್ತ ಮಗಳಿಗೂ ಮುಟ್ಟೋಕಾಗಲ್ಲ, ಅವರಿಗೆ ನಿಜ ಹೇಳಿ ಅಂತ ಒಂದೇ ಉಸಿರಿಗೆ ಅಂದಳು.

"ಗೊತ್ತಲ್ಲಮ್ಮಾ" ಅಂದ ಮ್ಯಾನೇಜರ್. "ದಾರ ಕೊಡಿಸಿದ್ದೇ ನಾನು."

"ಸಾರ್, ಗೊತ್ತಿದ್ದೂ..."

ಯಜಮಾನ ಕೈ ಎತ್ತಿದ. "ಈಗ ನಿಜ ಹೇಳಿದ್ರೆ ನಾನು ಸುಳ್ಳ ಅಂತ ಆಗುತ್ತೆ. ದುಡ್ಡು ವಾಪಸ್ ಕೇಳ್ತಾರೆ. ಕಾರ್ಖಾನೆ ಮುಚ್ಚಿದ್ರೆ ಲೈನಿಗೊಂದು ಹೆಸರಲ್ಲ, ಅಷ್ಟೂ ಹೆಸರು ಹೋಗುತ್ತೆ, ಆಗಬಹುದಾ?" ಆಮೇಲೆ ದನಿ ತಗ್ಗಿಸಿದ. "ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ. ಅತ್ತೆ ವಿಚಾರ. ಅವರ ಹೆಸರು ಬೇಡ ಬಿಡು, ಹಳೇ ಜನ. ಆ ಉದ್ದ ಇದ್ದಾಳಲ್ಲ, ಅವಳದು ಕೊಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಗಂಟೆಯಕ್ಕನಿಗೆ ಮೈಯೆಲ್ಲ ಉರಿದು ಹೋಯಿತು. ಯಾಕೆ ಅಂದರೆ, ಒಂದು ಗಳಿಗೆ, ಒಂದೇ ಒಂದು ಗಳಿಗೆ, ಆ ಮಾತು ಅವಳಿಗೆ ಹಿತವಾಗಿ ಕೇಳಿಸಿತ್ತು. ಅದಕ್ಕೇ ಇನ್ನೂ ಜಾಸ್ತಿ ಉರಿಯಿತು. "ಕೊಡಲ್ಲ" ಅಂದು ಹೊರಗೆ ಬಂದಳು. ದುಡ್ಡು ಹಾಕಿದೋರು ಬರೋ ದಿನದವರೆಗೂ ಯಾರ ಹೆಸರೂ ಕೊಡಲಿಲ್ಲ.

ಆ ಹೆಂಗಸು ಮತ್ತೆ ಬಂದಳು, ಅದೇ ಬೂಟು. ಪಕ್ಕದಲ್ಲಿ ಯಜಮಾನ, ಹಿಂದೆ ಮ್ಯಾನೇಜರ್. ಮೂರನೇ ಲೈನಿನ ಹತ್ತಿರ ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಮ್ಯಾನೇಜರ್ ತಿರುಗಿ, "ಹೊಸ ವ್ಯವಸ್ಥೆ ಬಂದ ಮೇಲೆ ಕೆಲಸದಲ್ಲಿ ಹುರುಪು ಹೇಗಿದೆ ಅಂತ ಕೇಳ್ತಿದ್ದಾರೆ" ಅಂದ.

"ಹುರುಪಾ?" ಗಂಟೆಯಕ್ಕ ಸೊಂಟಕ್ಕೆ ಕೈ ಇಟ್ಟಳು. "ಹೇಳಿ ಅವರಿಗೆ. ಈ ಹೆಂಗಸರು ನೀರು ಕುಡೀತಿಲ್ಲ ಅಂತ ಹೇಳಿ. ಪಟ್ಟಿ ಹೊಲಿಗೆ ಒಂದು ಸಲ ಬಿಟ್ಟು ಹೋಗ್ತಿದೆ, ಚೀಲ ಕಿತ್ತು ಬರುತ್ತೆ ಅಂತ ಹೇಳಿ. ಅವತ್ತು ನೀವು ನೋಡಿದ್ದು ಎರಡು ಸಂಜೆ ಹೊಲಿದಿಟ್ಟ ಪಟ್ಟಿ, ಅದನ್ನ ಮಾಡಿಸಿದ್ದು ನಾನು, ತಪ್ಪು ನಂದು ಅಂತ ಹೇಳಿ. ಆ ಬೋರ್ಡಿನ ಮೇಲಿನ ಗುರಿ ಸುಳ್ಳು ಅಂತ ಹೇಳಿ!"

ಮ್ಯಾನೇಜರ್ ಹೆಂಗಸಿನ ಕಡೆ ತಿರುಗಿ ನಾಲ್ಕು ಪದ ಅಂದು ಮುಗುಳ್ನಕ್ಕ.

"ಅಷ್ಟೇನಾ?" ಗಂಟೆಯಕ್ಕ ಕಿರುಚಿದಳು. "ಇಷ್ಟುದ್ದ ಮಾತಿಗೆ ಇಂಗ್ಲಿಷಲ್ಲಿ ಅಷ್ಟೇನಾ ಇರೋದು?"

ಲೈನಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಗ ಆ ಹೆಂಗಸು, ಯಾರೂ ಎಣಿಸದ ಹಾಗೆ, ನಮ್ಮದೇ ಮಾತಿನಲ್ಲಿ ಹೇಳಿದಳು: "ನನಗೆ ಅರ್ಥ ಆಗುತ್ತಮ್ಮಾ. ನನ್ನ ತಾಯಿ ಆಡೋ ಮಾತು ಇದೇ."

ಮ್ಯಾನೇಜರ್‌ನ ಮುಖ ಸುಣ್ಣದ ಗೋಡೆಯಾಯಿತು. ಗಂಟೆಯಕ್ಕನಿಗೆ ಜೀವ ಬಂದ ಹಾಗಾಯಿತು. ಇನ್ನೇನು, ಕೇಳಿಸಿಕೊಂಡಳಲ್ಲ!

"ಪಟ್ಟಿ ಮೊದಲೇ ಹೊಲಿದಿಟ್ಟಿದ್ರಿ ಅಂತ ನನಗೆ ಅವತ್ತೇ ಗೊತ್ತಿತ್ತು" ಅಂದಳು ಆ ಹೆಂಗಸು, ಮಗುವಿಗೆ ಹೇಳುವಷ್ಟು ಮೆತ್ತಗೆ. "ನಾನು ನೋಡಿದ ಎಲ್ಲಾ ಕಾರ್ಖಾನೇಲೂ ಇಂಥದ್ದೇನಾದ್ರೂ ಇರುತ್ತೆ. ನಾನದನ್ನ ತಪ್ಪು ಅಂತ ತಿಳ್ಕೊಳ್ಳಲ್ಲ. ಜನಕ್ಕೆ ಆಸೆ ಇದೆ ಅಂತ ಗೊತ್ತಾಗುತ್ತೆ."

"ಗೊತ್ತಿತ್ತಾ? ಮತ್ತೆ ಅದನ್ನೇ ಗುರಿ ಅಂತ ಯಾಕೆ ಇಟ್ರಿ?"

"ಎಟುಕದಷ್ಟು ಎತ್ತರ ಇಟ್ರೆ ತಾನೇ ಕೈ ಚಾಚೋದು? ನೀವೇ ನೋಡಿ, ಗುರಿ ಮುಟ್ಟದಿದ್ರೂ ಮೊದಲಿಗಿಂತ ಎಷ್ಟೋ ಜಾಸ್ತಿ ಹೊಲೀತಿದ್ದೀರಿ. ನನ್ನ ಹಿಂದೆ ದುಡ್ಡು ಕೊಟ್ಟೋರು ಇನ್ನೂ ಎಷ್ಟೋ ಜನ ಇದ್ದಾರಮ್ಮಾ, ಅವರಿಗೆ ಇದನ್ನ ತೋರಿಸಿದ್ರೇನೇ ಧೈರ್ಯ. ಇಲ್ಲಾಂದ್ರೆ ಈ ಕಡೆ ಯಾರು ಬರ್ತಾರೆ?"

"ಲೈನಿಗೊಬ್ಬರನ್ನ ತೆಗೀಬೇಕು ಅನ್ನೋದೂ ನಿಮ್ಮದೇನಾ?"

"ಅಯ್ಯೋ ಇಲ್ಲ. ಅದು ಯಜಮಾನರ ವಿಚಾರ."

ಯಜಮಾನ ಸೋರುವ ಚಾವಣಿ ನೋಡುತ್ತ, "ಖರ್ಚು ಇಳಿಸಿ ಅಂತ ನೀವೇ..." ಅಂತ ಶುರು ಮಾಡಿ ಅಲ್ಲಿಗೇ ನುಂಗಿದ.

ಗಂಟೆಯಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಜಮಾನನಿಗೆ ಗೊತ್ತಿತ್ತು. ಮ್ಯಾನೇಜರ್‌ಗೆ ಗೊತ್ತಿತ್ತು. ದುಡ್ಡು ಹಾಕಿದವಳಿಗೂ ಗೊತ್ತಿತ್ತು. ಎರಡು ಸಂಜೆ ಬೆನ್ನು ಮುರಿದು ಮೋಸ ಮಾಡಿದೆವು ಅಂದುಕೊಂಡವರು ಮಾತ್ರ ಮೋಸ ಹೋಗಿದ್ದರು. ಥೂ ನಿಮ್ಮ ಜನ್ಮಕ್ಕೆ!

"ಹೆಸರು ತಾನೇ ಬೇಕು ನಿಮಗೆ? ಬರ್ಕೊಳ್ಳಿ" ಅಂದಳು. ಆ ಗಂಟಲಿಗೆ ಮಷೀನುಗಳೆಲ್ಲ ನಿಂತುಬಿಟ್ಟವು. "ನಂದೇ ಬರ್ಕೊಳ್ಳಿ. ಈ ಲೈನು ಹಾಳು ಮಾಡಿದೋಳು ನಾನು. ನಾನೇ ಹೋಗ್ತೀನಿ. ನಮ್ಮೋರ ತಂಟೆಗೆ ಬಂದ್ರೆ ನೋಡಿ!"

ಯಜಮಾನ ಬೇಡ ಅನ್ನಬಹುದು, ಲೈನಿಗೆ ಲೈನೇ ಎದ್ದು ನಿಲ್ಲಬಹುದು ಅಂತ ಅವಳ ಮನಸ್ಸಿನ ಮೂಲೆಯಲ್ಲಿ ಇದ್ದಿರಬೇಕು. ಯಜಮಾನ ನಿಟ್ಟುಸಿರು ಬಿಟ್ಟು, "ನಿನ್ನ ಇಷ್ಟ ಅಮ್ಮಾ" ಅಂದ. ಕಾಲಿಗೆ ಚುಚ್ಚಿದ್ದ ಮುಳ್ಳು ತಾನಾಗೇ ಬಿದ್ದುಹೋದವನ ಮುಖ. ಲೈನು ಅವಳನ್ನೇ ನೋಡುತ್ತಿತ್ತು. ಒಬ್ಬಳು ಅಳುತ್ತಿದ್ದಳು. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಮಷೀನು ಗಡಗಡ ಅಂದಿತು, ಆಮೇಲೆ ಇನ್ನೊಂದು.

ಆದರೂ ಗಂಟೆಯಕ್ಕ ತಲೆ ಎತ್ತಿಕೊಂಡೇ ಮನೆಗೆ ಬಂದಳು. ಸಂಜೆ ಅತ್ತೆ ಬಂದು ಏನೂ ಬೈಯಲಿಲ್ಲ. ಹೊಗಳಲೂ ಇಲ್ಲ. ಕಾಲಿಗೆ ಎಣ್ಣೆ ಉಜ್ಜಿಕೊಂಡು, "ಉದ್ದೀನ ಸೂಪರ್‌ವೈಸರ್ ಮಾಡಿದ್ದಾರೆ" ಅಂದರು.

ಗಂಟೆಯಕ್ಕನಿಗೆ ಖುಷಿಯಾಯಿತು. ಉದ್ದಕ್ಕನಿಗೆ ಕೂಲಿ ಜಾಸ್ತಿ ಸಿಗುತ್ತೆ, ಗಂಡನ ಔಷಧಿಗೆ ಆಯಿತು. ಬೋರ್ಡಿನ ಕೆಂಪು ಸಾಲಿನಿಂದ ಅವಳ ಹೆಸರು ಇಳಿಯಿತು. ತಾನು ಅವಳನ್ನ ಬಿಟ್ಟುಕೊಡಲಿಲ್ಲ, ಅದು ಅವಳಿಗೆ ಗೊತ್ತಿದೆ. ನಮ್ಮವಳೇ ಕೂತಿದ್ದಾಳೆ, ಇನ್ನು ಅತ್ತೆಗೆ ಯಾರ ಭಯ? ಗಂಟೆಯಕ್ಕ ಬೇರೆ ಕಡೆ ಕೆಲಸ ಹುಡುಕುತ್ತ ಅಲೆದಳು. ಅವಳ ವಿಷಯ ಅವಳಿಗಿಂತ ಮೊದಲೇ ಹೋಗಿ ಎಲ್ಲಾ ಕಾರ್ಖಾನೆಗಳ ಗೇಟಿನಲ್ಲೂ ಕೂತಿತ್ತು.

ಮುಂದಿನ ವಾರ ಒಂದು ನಡು ಮಧ್ಯಾಹ್ನ ಅತ್ತೆ ಮನೆಗೆ ಬಂದರು. ಆ ಹೊತ್ತಿನಲ್ಲಿ ಅವರನ್ನ ಮನೆ ಬಾಗಿಲಲ್ಲಿ ನೋಡಿದ್ದು ಗಂಟೆಯಕ್ಕನಿಗೆ ನೆನಪೇ ಇಲ್ಲ. ಊಟದ ಡಬ್ಬಿ ಕೈಯಲ್ಲಿತ್ತು, ತೆರೆದಿರಲಿಲ್ಲ.

"ಯಾಕತ್ತೆ, ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ. ತೆಗೆದ್ರು."

"ಯಾರು? ಅದು ಹೇಗೆ ತೆಗೀತಾರೆ? ನನ್ನ ಹೆಸರು ಕೊಟ್ಟಿದ್ದೆನಲ್ಲ!"

"ಸೂಪರ್‌ವೈಸರ್ ಲೆಕ್ಕಕ್ಕೆ ಬರಲ್ವಂತೆ. ಹೊಲಿಯೋರಲ್ಲಿ ಒಂದು ಹೆಸರು ಬೇಕಂತೆ. ಉದ್ದಿ ಕೊಟ್ಟಳು."

"ಅವಳಾ? ಅವಳಿಗೋಸ್ಕರ ನಾನು..." ಗಂಟೆಯಕ್ಕ ಚಪ್ಪಲಿ ಮೆಟ್ಟಿದಳು. "ಇವತ್ತು ಅವಳ ಮನೆ ಮುಂದೆ ನಿಂತು ಇಡೀ ಬೀದಿಗೆ ಕೇಳಿಸ್ತೀನಿ. ಉಂಡ ಮನೆಗೆ ಎರಡು ಬಗೆಯೋಳು! ಅವಳ ಗಂಡನಿಗೂ ಕೇಳಿಸ್ಲಿ, ಹೆಂಡತಿ ಎಂಥೋಳು ಅಂತ!"

ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಹೋಗು. ಬೇಡ ಅನ್ನಲ್ಲ. ಆದ್ರೆ ಅವಳು ಬಾಯಿ ಬಿಟ್ಟು ಒಂದು ಮಾತು ಕೇಳ್ತಾಳೆ, ಅದಕ್ಕೆ ಉತ್ತರ ಇಲ್ಲೇ ಕೊಟ್ಟು ಹೋಗು. ನಿಮ್ಮತ್ತೆ ಬದ್ಲು ಯಾರ ಹೆಸರು ಕೊಡಬೇಕಿತ್ತಕ್ಕಾ ಅಂತಾಳೆ. ಯಾರದು?"

"ಯಾರದಾದ್ರೂ..."

"ಯಾರದಾದ್ರೂ ಅನ್ನೋ ಹೆಸರಿನೋಳು ನಮ್ಮ ಲೈನಲ್ಲಿಲ್ಲ. ಹೇಳು. ಜಿಪ್ಪಿನೋಳದಾ? ಬಸುರಿ ಅವಳು. ಅಸ್ತರಿನೋಳದಾ? ನೀನು ಆಸ್ಪತ್ರೇಲಿದ್ದಾಗ ಜೊತೆಗೆ ಕೂತೋಳು. ಹೇಳೇ!"

ಗಂಟೆಯಕ್ಕ ಬಾಯಿ ತೆರೆದಳು. ಜೇಬಿನವಳು ಕಣ್ಣ ಮುಂದೆ ಬಂದಳು, ಕೊನೆಯಲ್ಲಿ ದಾರ ಕತ್ತರಿಸುವ ಕಿವುಡಿ ಬಂದಳು, ಸಾಲಾಗಿ ಒಬ್ಬೊಬ್ಬರೂ ಬಂದರು. "ಯಾರದೂ ಬೇಡ ಅತ್ತೆ!" ಅಂತ ಅರಚಿದಳು. "ಯಾರ ಹೆಸರನ್ನೂ ಕೊಡಬಾರದಿತ್ತು!"

"ಅದನ್ನೇ ನಾನು ಹೇಳಿದ್ದು. ಕೇಳಿದೋನ ಹತ್ರ ಹೋಗಿ ಕೇಳು ಅಂದೆ. ಒಬ್ಬಳೇ ಹೋಗು ಅಂದ್ನಾ? ಲೈನಿಗೆ ಲೈನೇ ಹೋಗಿ ನಿಂತು ಕೊಡಲ್ಲ ಅನ್ನಬೇಕಿತ್ತು. ನೀನೊಬ್ಬಳೇ ಹೋದೆ, ಒಬ್ಬಳೇ ಬಂದೆ, ಕೊನೆಗೆ ಎದೆ ಉಬ್ಬಿಸಿಕೊಂಡು ಏನ್ ಮಾಡಿದೆ?" ಅತ್ತೆ ಡಬ್ಬಿಯನ್ನ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಅವರು ಹೆಸರು ಕೇಳಿದ್ರು. ನೀನು ಕೊಟ್ಟೆ. ನಿಂದೇ ಕೊಟ್ಟೆ, ನಿಜ. ಆದ್ರೂ ಕೊಟ್ಟೆ ತಾನೆ? ಕೇಳಿದ್ರೆ ಕೊಡ್ತಾರೆ ಅಂತ ಅವರಿಗೆ ರುಚಿ ಹತ್ತಿತು. ಮುಂದಿನ ತಿಂಗಳು ಇನ್ನೊಂದು ಕೇಳ್ತಾರಂತೆ."

ಅತ್ತೆ ಅವಳನ್ನ ದಾಟಿ ಒಳಗೆ ಹೋದರು. ಒಳಗಿಂದ ಡಬ್ಬಿ ತೆರೆಯೋ ಸದ್ದು ಕೇಳಿತು. ಗಂಟೆಯಕ್ಕ ಹೊಸ್ತಿಲ ಹೊರಗೆ ಒಂದು ಕಾಲು, ಒಳಗೆ ಒಂದು ಕಾಲು ಇಟ್ಟು ನಿಂತೇ ಇದ್ದಳು. ಕಾರ್ಖಾನೆ ಬಿಡುವ ಹೊತ್ತಿಗೆ ಇನ್ನೂ ತುಂಬಾ ಸಮಯವಿತ್ತು. ಅವಳು ಚಪ್ಪಲಿ ಬಿಚ್ಚಲಿಲ್ಲ. ಬೀದಿಗಿಳಿದು ಉದ್ದಕ್ಕನ ಮನೆ ಕಡೆ ಅಲ್ಲ, ಕಾರ್ಖಾನೆಯ ಗೇಟಿನ ಕಡೆ ನಡೆದಳು, ಲೈನಿನೋರೆಲ್ಲ ಹೊರಗೆ ಬರೋವರೆಗೂ ಅಲ್ಲೇ ನಿಂತಿರೋಕೆ.